ಲೋಗೋ ಹಾಕುತ್ತೇವೆ, ಬೀಗದ ಕೈ ಕೊಡುವುದಿಲ್ಲ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಆಡಳಿತ ಮಂಡಳಿಗಳಿಗೆ, ಅವುಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಸಮಿತಿಗಳಿಗೆ, ಮತ್ತು ಈ ಪತ್ರವನ್ನು ಎಲ್ಲರಿಗಿಂತ ಮೊದಲು ಓದಬೇಕಾದ ಖರೀದಿ ವಿಭಾಗದವರಿಗೆ,

ಮಾನ್ಯರೇ,

ನಿಮ್ಮಲ್ಲೊಂದು ಕಂಪನಿ ಇತ್ತೀಚೆಗೆ ನಮ್ಮ ಪುಟ್ಟ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ, ಬಳಸಿ, ತಿದ್ದಬಹುದಾದ ಮುಕ್ತ ತಂತ್ರಾಂಶ) ಯೋಜನೆಗೆ ಪ್ರಾಯೋಜಕತ್ವ ನೀಡಲು ಮುಂದೆ ಬಂದಿತ್ತು. ನಾವು ಒಪ್ಪಿಕೊಳ್ಳಲಿಲ್ಲ. ನಮಗೆ ಹಣದ ಅಗತ್ಯವಿಲ್ಲ ಎಂದು ಯಾರೂ ಭಾವಿಸಬಾರದು. ಅಗತ್ಯ ಬಹಳವೇ ಇದೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ, ಮೇಲಾಗಿ ಅವರು ಕಳಿಸಿದ ಕರಾರುಪತ್ರ ಬೇರೆ ಹತ್ತು ಕಂಪನಿಗಳ ಕಡತದಲ್ಲೂ ಅಕ್ಷರ ಬದಲಾಗದೆ ಕೂತಿರುತ್ತದೆ ಎಂದು ನನ್ನ ಅಂದಾಜು. ಆದ್ದರಿಂದಲೇ ಒಬ್ಬರಿಗೆ ಬರೆಯಬೇಕಾದ ಉತ್ತರವನ್ನು ಎಲ್ಲರಿಗೂ ಬರೆಯುತ್ತಿದ್ದೇನೆ.

ಮೊದಲು ನಾವು ಮಾಡುವುದೇನು ಎಂದು ಹೇಳಬೇಕು. ನಮ್ಮ ತಂತ್ರಾಂಶ ಎರಡು ಕೆಲಸ ಮಾಡುತ್ತದೆ. ನುಡಿ, ಬರಹ ಎಂಬ ಬೆರಳಚ್ಚು ತಂತ್ರಾಂಶಗಳ ಹಳೆಯ ಆಸ್ಕಿ ಸಂಕೇತಗಳ ಕಾಲದಲ್ಲಿ ಸಿದ್ಧಪಡಿಸಿಟ್ಟ ಕಡತಗಳನ್ನು ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುನಿಕೋಡ್‌ಗೆ ತರುವುದು ಒಂದು. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕದ ಪುಟಗಳನ್ನು ಟೆಸೆರಾಕ್ಟ್ ಎಂಬ ಒಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ) ತಂತ್ರಾಂಶ ಓದಿಕೊಟ್ಟ ಮೇಲೆ ಅದು ಮಾಡಿದ ತಪ್ಪುಗಳನ್ನು ಹುಡುಕಿ ತಿದ್ದುವುದು ಇನ್ನೊಂದು. ಕೇಳಲು ಸಣ್ಣ ಕೆಲಸ. ಆಸ್ಕಿ ಕಡತದೊಳಗೆ ಅಕ್ಷರಗಳೇ ಇರುವುದಿಲ್ಲ, ಅಕ್ಷರದ ಚೂರುಗಳಿರುತ್ತವೆ. ‘ಧರ್ಮ’ ಎಂದು ಬೆರಳಚ್ಚು ಮಾಡಿದರೆ ಅರ್ಕಾವೊತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಎಂದರೆ ‘ಮ’ದ ಆಚೆಗೆ, ಕೂತಿರುತ್ತದೆ. ಯುನಿಕೋಡ್‌ನಲ್ಲಿ ಅದು ಉಚ್ಚಾರದ ಕ್ರಮದಂತೆ ‘ಮ’ಕ್ಕಿಂತ ಮೊದಲು ಬರಬೇಕು. ಎತ್ತಿ ಹಿಂದಕ್ಕಿಟ್ಟರಾಯಿತು ಎನ್ನುವಷ್ಟರಲ್ಲಿ ‘ಸಾಮರ್ಥ್ಯ’ ಎದುರಾಗುತ್ತದೆ. ಅಲ್ಲಿ ‘ಥ’ವನ್ನೂ ಅದರ ಯ-ಒತ್ತನ್ನೂ ಎರಡನ್ನೂ ದಾಟಿಸಬೇಕು. ಕಡತ ಸಿದ್ಧಪಡಿಸಿದವರು ಅವಸರದಲ್ಲಿ ಒತ್ತನ್ನು ಎರಡು ಸಲ ಒತ್ತಿದ್ದರೆ ಅದನ್ನೂ ಗುರುತಿಸಬೇಕು. ಇನ್ನು ಮೊಳೆ ಅಚ್ಚಿನ ಪುಟಗಳ ಕಥೆಯೇ ಬೇರೆ. ಯಂತ್ರ ಅರ್ಕಾವೊತ್ತನ್ನು ಕನ್ನಡದ ಒಂಬತ್ತು ಎಂದು ಓದಿ ‘ಧಮ೯’ ಎಂದು ಬರೆಯುತ್ತದೆ. ಅನುಸ್ವಾರವನ್ನು ಸೊನ್ನೆ ಎನ್ನುತ್ತದೆ. ‘ವು’ ಇದ್ದಲ್ಲಿ ‘ಮ’ ಕಾಣುತ್ತದೆ. ‘ಧ’ದ ಬುಡದ ಸೀಳಿನಲ್ಲಿ ಮಸಿ ತುಂಬಿ ಮುಚ್ಚಿಹೋಗಿದ್ದರೆ ಧನವೆಲ್ಲ ದನವಾಗುತ್ತದೆ.

ಇಂಥ ತಪ್ಪುಗಳ ಪಟ್ಟಿಯನ್ನು ವರ್ಷಗಳಿಂದ ಬೆಳೆಸುತ್ತಾ ಬಂದಿದ್ದೇವೆ. ಕೋಡ್ ನೋಡಿಕೊಳ್ಳುವವರು ಒಂದಿಬ್ಬರು, ಸಂಬಳದ ಕೆಲಸ ಮುಗಿಸಿ ರಾತ್ರಿ ಕೂರುವವರು. ತಪ್ಪು ಹುಡುಕಿ ಕಳಿಸುವವರು ಹೆಚ್ಚಾಗಿ ನಿವೃತ್ತ ಕನ್ನಡ ಮೇಷ್ಟರುಗಳು. ಅವರಲ್ಲಿ ಕೆಲವರು ಪುಟದ ಫೋಟೊ ತೆಗೆದು, ತಪ್ಪಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಸರ್ಕಾರಿ ಟೆಂಡರುಗಳಲ್ಲಿ ದಾಖಲೆಗಳ ಡಿಜಿಟಲೀಕರಣ ಮಾಡುವ ನಿಮ್ಮಲ್ಲಿ ಕೆಲವರು ಇದನ್ನು ಬಳಸುತ್ತಿದ್ದೀರಿ. ನಮಗದು ತಿಳಿಯುವುದು, ನಿಮ್ಮ ಎಂಜಿನಿಯರೊಬ್ಬರು ಕಂಪನಿಯ ಈಮೇಲ್‌ನಿಂದ ‘ಅರ್ಜೆಂಟ್’ ಎಂದು ಬರೆದು, ಶುಕ್ರವಾರದೊಳಗೆ ಸರಿಮಾಡಿಕೊಡಿ ಎಂದು ಕೇಳಿದಾಗ. ಬಳಸಿ, ಸಂತೋಷ. ಬಳಸಲೆಂದೇ ಇಟ್ಟಿದ್ದೇವೆ.

ಈಗ ಕರಾರಿನ ವಿಷಯಕ್ಕೆ ಬರುತ್ತೇನೆ. ಒಂದು ವರ್ಷದ ಅವಧಿ. ಮುಂದುವರಿಸುವುದು ಬಿಡುವುದು ಕಂಪನಿಯ ಇಚ್ಛೆ. ಯೋಜನೆಯ ಮುಖಪುಟದಲ್ಲಿ ಅವರ ಲೋಗೋ, ‘ಮುಖ್ಯ ಪ್ರಾಯೋಜಕರು’ ಎಂಬ ಒಕ್ಕಣೆಯೊಂದಿಗೆ. ಅದೇ ವ್ಯವಹಾರದ ಇನ್ನೊಂದು ಕಂಪನಿಯ ಹೆಸರು ಅಲ್ಲಿ ಕಾಣಬಾರದು. ಅವರು ಕೇಳಿದ ಬದಲಾವಣೆಗಳಿಗೆ ಆದ್ಯತೆ. ಮೂರು ತಿಂಗಳಿಗೊಮ್ಮೆ ಫಲಾನುಭವಿಗಳ ಸಂಖ್ಯೆ, ಸಾಧ್ಯವಾದರೆ ಫೋಟೊ ಸಹಿತ. ಅರ್ಕಾವೊತ್ತಿನ ಫಲಾನುಭವಿಯ ಫೋಟೊ ಎಲ್ಲಿಂದ ತರುವುದೋ ನಮಗೆ ಹೊಳೆಯಲಿಲ್ಲ. ಮಾರಾಟಗಾರರ ನೋಂದಣಿ ನಮೂನೆಯಲ್ಲಿ ಜಿಎಸ್‌ಟಿ ಸಂಖ್ಯೆ, ರದ್ದುಮಾಡಿದ ಚೆಕ್ ಹಾಳೆ, ಮೂರು ವರ್ಷಗಳ ಲೆಕ್ಕಪರಿಶೋಧಿತ ಆಯವ್ಯಯ. ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಕಡಿಮೆ ಮೊತ್ತದ ಸೇವೆ ಒದಗಿಸುವವರು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ ಎಂದು ತಿಳಿಸಿದೆವು. ಆ ಅಂಕಣ ಖಾಲಿ ಬಿಟ್ಟರೆ ನಮೂನೆ ಮುಂದಕ್ಕೆ ಹೋಗುವುದಿಲ್ಲ ಎಂಬ ಉತ್ತರ ಬಂತು. ಬಿಲ್ ಕೊಟ್ಟ 90 ದಿನಗಳ ನಂತರ ಪಾವತಿ.

ಇಷ್ಟನ್ನೂ ಹೇಗೋ ನಿಭಾಯಿಸುತ್ತಿದ್ದೆವು. ಲೋಗೋ ಬಗ್ಗೆ ನಮಗೆ ಮಡಿವಂತಿಕೆಯಿಲ್ಲ. ಊರ ಜಾತ್ರೆಯ ಕರಪತ್ರದಲ್ಲಿ ಬಟ್ಟೆ ಅಂಗಡಿಯ ಹೆಸರಿರುವಾಗ ನಮ್ಮ ಪುಟದಲ್ಲಿ ನಿಮ್ಮದೊಂದು ಚಿತ್ರವಿದ್ದರೆ ಆಕಾಶವೇನೂ ಬೀಳುವುದಿಲ್ಲ. ಅಡ್ಡಿಯಾದದ್ದು ಎರಡು. ಇದುವರೆಗೆ ಕೋಡ್ ಬರೆದವರೆಲ್ಲರ ಹಕ್ಕುಸ್ವಾಮ್ಯವನ್ನು ಕಂಪನಿಯ ಹೆಸರಿಗೆ ವರ್ಗಾಯಿಸಬೇಕು ಎಂಬುದು ಒಂದು. ಕೋಡ್ ಇಟ್ಟಿರುವ ರಿಪಾಸಿಟರಿಯ ನಿರ್ವಾಹಕರ ಖಾತೆ ಅವರ ಸಿಬ್ಬಂದಿಯೊಬ್ಬರ ಕೈಯಲ್ಲಿರಬೇಕು ಎಂಬುದು ಮತ್ತೊಂದು. ಒಂದು ವರ್ಷದ ಹಣಕ್ಕೆ ಶಾಶ್ವತವಾಗಿ ಮನೆಯ ಬೀಗದ ಕೈ.

‘ನಂಬಿಕೆ ಇಲ್ಲವೇ?’ ಎಂದು ಅವರ ಕಡೆಯವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರವಾಗಿ ಟೆಸೆರಾಕ್ಟ್‌ನ ಚರಿತ್ರೆಯನ್ನೇ ಮುಂದಿಡುತ್ತೇನೆ. ನಮ್ಮ ಅರ್ಧ ಬದುಕು ಅದರ ಮೇಲೆ ನಿಂತಿದೆ. ಮೇಲಾಗಿ ಅಲ್ಲಿ ಕೆಟ್ಟವರು ಯಾರೂ ಇಲ್ಲ.

ಟೆಸೆರಾಕ್ಟ್ ಹುಟ್ಟಿದ್ದು ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ, 1985ರಿಂದ 1994ರ ನಡುವೆ, ಇಂಗ್ಲೆಂಡಿನ ಬ್ರಿಸ್ಟಲ್ ಮತ್ತು ಅಮೆರಿಕದ ಕೊಲೊರಾಡೊ ರಾಜ್ಯದ ಗ್ರೀಲಿಯಲ್ಲಿ. 1995ರಲ್ಲಿ ನೆವಾಡಾ ವಿಶ್ವವಿದ್ಯಾಲಯ ನಡೆಸಿದ ನಿಖರತೆಯ ಪರೀಕ್ಷೆಯಲ್ಲಿ ಅದು ಮುಂಚೂಣಿಯಲ್ಲಿತ್ತು. ಆದರೆ ಕಂಪನಿಗೆ ಆ ವ್ಯಾಪಾರದಲ್ಲಿ ಆಸಕ್ತಿ ಉಳಿಯಲಿಲ್ಲ. ಹತ್ತು ವರ್ಷ ಅದು ಕಪಾಟಿನಲ್ಲಿ ಮಲಗಿತ್ತು. 2005ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂತು. 2006ರಿಂದ ಗೂಗಲ್ ಅದನ್ನು ಸಾಕಿತು. ಹಿಂದೆ ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಇದರ ಮೇಲೆ ದುಡಿದಿದ್ದ ರೇ ಸ್ಮಿತ್ ಅವರೇ ಗೂಗಲ್‌ನಲ್ಲಿಯೂ ಇದನ್ನು ಮುನ್ನಡೆಸಿದರು. ಇಂಗ್ಲಿಷ್ ಮಾತ್ರ ಚೆನ್ನಾಗಿ ಓದುತ್ತಿದ್ದ ಯಂತ್ರ ನೂರಕ್ಕೂ ಹೆಚ್ಚು ಭಾಷೆ ಕಲಿಯಿತು, ಕನ್ನಡ ಅದರಲ್ಲೊಂದು. 2018ರ ಅಕ್ಟೋಬರಿನಲ್ಲಿ ನರಜಾಲ ತಂತ್ರದ ನಾಲ್ಕನೆಯ ಆವೃತ್ತಿ ಬಂತು. ನಮ್ಮಂಥವರಿಗೆ ಅದು ಹಬ್ಬ: ಅಕ್ಷರ ಅಕ್ಷರವಾಗಿ ಒಡೆದು ಓದುವುದನ್ನು ಬಿಟ್ಟು ಸಾಲನ್ನೇ ಒಟ್ಟಿಗೆ ಓದುವ ಯಂತ್ರ. ಒತ್ತಕ್ಷರಗಳ ಭಾಷೆಗೆ ಇದರಿಂದ ಆದ ಲಾಭ ಕೆಲಸ ಮಾಡಿದವರಿಗೆ ಗೊತ್ತು. ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಕನ್ನಡ ಪುಸ್ತಕಗಳ ಒಳಹೊಕ್ಕು ಪದ ಹುಡುಕಲು ಇಂದು ಸಾಧ್ಯವಾಗಿರುವುದರ ಹಿಂದೆ ಇದೇ ಯಂತ್ರವಿದೆ.

ಅದೇ ವರ್ಷದ ನವೆಂಬರಿಗೆ ಗೂಗಲ್‌ನ ಪಾಲು ಮುಗಿಯಿತು. ಜಗಳವಿಲ್ಲ, ಮೊಕದ್ದಮೆಯಿಲ್ಲ. ಕೋಡ್ ಅಪಾಚೆ ಲೈಸೆನ್ಸಿನಡಿ ಇದ್ದದ್ದರಿಂದ ಕಾನೂನಿನ ದೃಷ್ಟಿಯಲ್ಲಿ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ. ಸ್ವಯಂಸೇವಕರು ಕೈಗೆತ್ತಿಕೊಂಡರು, 2021ರ ನವೆಂಬರಿನಲ್ಲಿ ಐದನೆಯ ಆವೃತ್ತಿಯನ್ನೂ ತಂದರು. ಅವರಿಗೆ ನಾವು ಕೈಮುಗಿಯಬೇಕು. ಆದರೆ ಅಧಿಕೃತ ಭಂಡಾರದಲ್ಲಿ ಕನ್ನಡಕ್ಕೆಂದು ಇರುವ ತರಬೇತಿ ಮಾದರಿ ಇಂದಿಗೂ ಗೂಗಲ್ ಕಾಲದ್ದೇ. ಫಾಂಟ್‌ಗಳಿಂದ ಮೂಡಿಸಿದ ಸಾಲುಗಳನ್ನು ತೋರಿಸಿ ಕಲಿಸಿದ ಮಾದರಿ ಅದು. ಮಸಿ ಹರಡಿದ, ಮೊಳೆ ಸವೆದ, ಹಾಳೆ ಕಂದಿದ ಹಳೆಯ ಕನ್ನಡ ಪುಟ ಅದಕ್ಕೆ ಅಪರಿಚಿತ. ಹೊಸದಾಗಿ ತರಬೇತಿ ಕೊಡಲು ಸಾಧ್ಯವಿಲ್ಲವೆಂದಲ್ಲ. ಸಾವಿರಾರು ಸಾಲುಗಳನ್ನು ಚಿತ್ರದೊಂದಿಗೆ ಹೊಂದಿಸಿ, ತಿದ್ದಿ, ಯಂತ್ರಕ್ಕೆ ಉಣಿಸಬೇಕು. ಅದಕ್ಕೆ ಕಂಪ್ಯೂಟರಿನ ಬಾಡಿಗೆಗಿಂತ ಮನುಷ್ಯರ ಸಮಯ ಹೆಚ್ಚು ಬೇಕು. ಆ ಸಮಯದ ದುಡ್ಡು ಕೊಡುವವರು ಎದ್ದುಹೋದ ಕ್ಷಣದಿಂದ ನಾವು ನಿಂತಲ್ಲೇ ನಿಂತೆವು.

ಗೂಗಲ್ ತಪ್ಪು ಮಾಡಿತು ಎಂದು ನಾನು ಹೇಳುತ್ತಿಲ್ಲ. ಹನ್ನೆರಡು ವರ್ಷ ಸಾಕಿದ್ದು ಸಣ್ಣ ಮಾತಲ್ಲ. ನನ್ನ ಮಾತು ಇಷ್ಟೇ: ಎಷ್ಟೇ ಒಳ್ಳೆಯ ಪ್ರಾಯೋಜಕನಾದರೂ ಒಂದಲ್ಲ ಒಂದು ದಿನ ಹೋಗುತ್ತಾನೆ. ವಿಭಾಗ ಮುಚ್ಚುತ್ತದೆ, ಮುಖ್ಯಸ್ಥರು ಬದಲಾಗುತ್ತಾರೆ, ಕಂಪನಿಯನ್ನು ಇನ್ನೊಬ್ಬರು ಕೊಳ್ಳುತ್ತಾರೆ. ಆ ದಿನ ಯೋಜನೆ ತನ್ನ ಕಾಲ ಮೇಲೆ ನಿಂತಿರಬೇಕಾದರೆ ಕೋಡ್, ಖಾತೆಗಳು, ಹೆಸರು ಮತ್ತು ತರಬೇತಿಗೆ ಬಳಸಿದ ಸಾಮಗ್ರಿ, ನಾಲ್ಕೂ ಸಮುದಾಯದ ಕೈಯಲ್ಲಿರಬೇಕು. ಟೆಸೆರಾಕ್ಟ್ ಬದುಕಿದ್ದು ಅದರ ಲೈಸೆನ್ಸ್ ಮುಕ್ತವಾಗಿದ್ದುದರಿಂದ. ನೀವು ನಮ್ಮಿಂದ ಬರೆಸಿಕೊಳ್ಳಲು ಹೊರಟದ್ದು ಅದನ್ನೇ.

ಯೋಜನೆಯ ಹಿಡಿತ ಒಂದೇ ಕಂಪನಿಗೆ ಸಿಕ್ಕರೆ ಏನಾಗಬಹುದು ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ನಿಮ್ಮ ಸರ್ವರುಗಳಲ್ಲೇ ಓಡುತ್ತಿರುವ ರೆಡಿಸ್ ಎಂಬ ದತ್ತಾಂಶ ಇಡುವ ತಂತ್ರಾಂಶ 2024ರ ಮಾರ್ಚಿನಲ್ಲಿ ತನ್ನ ಮುಕ್ತ ಲೈಸೆನ್ಸನ್ನು ಕೈಬಿಟ್ಟಿತು. ಹುಡುಕಾಟದ ತಂತ್ರಾಂಶ ಎಲಾಸ್ಟಿಕ್‌ಸರ್ಚ್ 2021ರಲ್ಲಿ, ಸರ್ವರುಗಳನ್ನು ಸಜ್ಜುಗೊಳಿಸುವ ಟೆರಾಫಾರ್ಮ್ 2023ರಲ್ಲಿ ಇದೇ ದಾರಿ ಹಿಡಿದಿದ್ದವು. ಕಾರಣಗಳಿದ್ದವು, ದೊಡ್ಡ ಕ್ಲೌಡ್ ಕಂಪನಿಗಳು ಬೆಣ್ಣೆ ತಿಂದು ತಮಗೆ ಮಜ್ಜಿಗೆ ಬಿಡುತ್ತಿವೆ ಎಂಬ ದೂರಿನಲ್ಲಿ ಸತ್ಯಾಂಶವೂ ಇತ್ತು. ರೆಡಿಸ್ ಲೈಸೆನ್ಸ್ ಬದಲಿಸಿದ ಕೆಲವೇ ದಿನಗಳಲ್ಲಿ ಮುಕ್ತ ತಂತ್ರಾಂಶಗಳನ್ನು ಪೋಷಿಸುವ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ, ಅದರ ಹಳೆಯ ಮುಕ್ತ ಕೋಡಿನಿಂದಲೇ ವಾಲ್‌ಕೀ ಎಂಬ ಕವಲು ಒಡೆಯಿತು. ಅಮೆಜಾನ್, ಗೂಗಲ್, ಒರಾಕಲ್ ಬೆನ್ನಿಗೆ ನಿಂತವು. ಮುಂದಿನ ವರ್ಷ ರೆಡಿಸ್ ಮತ್ತೆ ಎಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನ ಆಯ್ಕೆ ಕೊಟ್ಟು ಅರ್ಧ ದಾರಿ ಹಿಂದಕ್ಕೆ ಬಂತು. ಆನೆಗಳ ಜಗಳ, ಆನೆಗಳೇ ಬಗೆಹರಿಸಿಕೊಂಡವು. ಕನ್ನಡದ ಆಸ್ಕಿ ಪರಿವರ್ತಕವೊಂದು ಹೀಗೆ ಬಾಗಿಲು ಹಾಕಿಕೊಂಡರೆ ಕವಲೊಡೆದು ಮುಂದೆ ಒಯ್ಯಲು ಅಮೆಜಾನ್ ಬರುತ್ತದೆಯೇ? ಮೇಷ್ಟರುಗಳ ಕೆಂಪು ಸುತ್ತುಗಳು ಒಂದು ಕಂಪನಿಯ ಟೆಂಡರು ಗೆಲ್ಲುವ ಬಂಡವಾಳವಾಗಿ ಉಳಿಯುತ್ತವೆ, ಅಷ್ಟೆ.

ಇಷ್ಟು ಓದಿ ‘ಹಾಗಾದರೆ ಇವರನ್ನು ಇವರ ಪಾಡಿಗೆ ಬಿಡೋಣ’ ಎಂದುಕೊಳ್ಳಬೇಡಿ. ಪಾಡಿಗೆ ಬಿಟ್ಟದ್ದರ ಪರಿಣಾಮ ಇಡೀ ಜಗತ್ತು ನೋಡಿದೆ. 2014ರ ಏಪ್ರಿಲಿನಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಹೊರಬಿದ್ದಾಗ, ಅಂತರ್ಜಾಲದ ಅರ್ಧಕ್ಕರ್ಧ ವ್ಯವಹಾರಕ್ಕೆ ಬೀಗ ಹಾಕುತ್ತಿದ್ದ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂದು ತಿಳಿದು ಎಲ್ಲರೂ ಬೆರಗಾದರು. ಪೂರ್ಣಾವಧಿ ಕೆಲಸ ಮಾಡುತ್ತಿದ್ದವರು ಒಬ್ಬರು. ದುರಂತದ ನಂತರ ದೊಡ್ಡ ಕಂಪನಿಗಳು ಲಿನಕ್ಸ್ ಫೌಂಡೇಶನ್ ಮೂಲಕ ಹಣ ಸುರಿದವು.

ಎಕ್ಸ್‌ಜೆಡ್ ಪ್ರಕರಣ ಇದಕ್ಕಿಂತ ಭಯಾನಕ, ಏಕೆಂದರೆ ಅಲ್ಲಿ ದೋಷ ಅಕಸ್ಮಾತ್ತಾಗಿ ನುಸುಳಲಿಲ್ಲ. ಕಡತಗಳನ್ನು ಹಿಂಡಿ ಚಿಕ್ಕದಾಗಿಸುವ ಒಂದು ಸಣ್ಣ ತಂತ್ರಾಂಶ ಅದು. ಫಿನ್ಲೆಂಡಿನ ಲಾಸ್ಸೆ ಕೊಲಿನ್ ಒಬ್ಬರೇ ವರ್ಷಗಟ್ಟಲೆ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಎಂದೂ ಕೇಳಿರದ ಹೆಸರುಗಳವರು ಬಂದು, ಕೆಲಸ ನಿಧಾನವಾಯಿತು, ಬೇರೆಯವರಿಗೆ ಬಿಟ್ಟುಕೊಡಿ ಎಂದು ಕಾಡತೊಡಗಿದರು. ಇದು ಹಣವಿಲ್ಲದೆ ಹವ್ಯಾಸಕ್ಕೆ ಮಾಡುತ್ತಿರುವ ಕೆಲಸ ಎಂದು ಅವರು ನೆನಪಿಸಿದರೂ ಒತ್ತಡ ನಿಲ್ಲಲಿಲ್ಲ. ಅಷ್ಟರಲ್ಲಿ ಜಿಯಾ ಟಾನ್ ಎಂಬ ಹೆಸರಿನ ‘ಸಹಾಯಕ’ ತಾಳ್ಮೆಯಿಂದ ಕೆಲಸ ಮಾಡಿ ನಂಬಿಕೆ ಗಳಿಸಿ ಒಳಸೇರಿದ್ದ. 2024ರ ಆರಂಭದಲ್ಲಿ ಆತ ಸೇರಿಸಿದ ಹಿಂಬಾಗಿಲು ಜಗತ್ತಿನ ಅಸಂಖ್ಯ ಲಿನಕ್ಸ್ ಸರ್ವರುಗಳಿಗೆ ಹರಡುವುದರಲ್ಲಿತ್ತು. ತಪ್ಪಿಸಿದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್: ತನ್ನ ಯಂತ್ರಕ್ಕೆ ಲಾಗಿನ್ ಆಗುವುದು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಅವರಿಗೆ ಅನುಮಾನ ಬಂತು. ಅರ್ಧ ಸೆಕೆಂಡ್! ನಮ್ಮಲ್ಲಿ ಎಷ್ಟು ಜನ ಅದನ್ನು ಗಮನಿಸುತ್ತಿದ್ದೆವು?

ಈ ಪ್ರಕರಣವನ್ನು ನಿಮ್ಮ ಭದ್ರತಾ ವಿಭಾಗದವರು ಪವರ್‌ಪಾಯಿಂಟಿನಲ್ಲಿ ನಿಮಗೆ ತೋರಿಸಿರುತ್ತಾರೆ. ‘ಸರಬರಾಜು ಸರಪಳಿಯ ಅಪಾಯ’ ಎಂಬ ಶೀರ್ಷಿಕೆ ಇದ್ದಿರಬಹುದು. ನಾವು ನಿಮಗೆ ಸರಬರಾಜುದಾರರು ಎಂಬುದೇ ಸರಿಯಲ್ಲ. ಸರಬರಾಜುದಾರನಿಗೆ ಬಿಲ್ ಪಾವತಿಯಾಗುತ್ತದೆ. 2022ರ ಜನವರಿಯಲ್ಲಿ ಅಮೆರಿಕದ ದೊಡ್ಡ ಕಂಪನಿಯೊಂದು ಅಂತರ್ಜಾಲದಲ್ಲಿ ದತ್ತಾಂಶ ಸಾಗಿಸುವ ಕರ್ಲ್ ತಂತ್ರಾಂಶದ ಕರ್ತೃ ಡೇನಿಯಲ್ ಸ್ಟೆನ್‌ಬರ್ಗ್ ಅವರಿಗೆ, ಲಾಗ್‌ಫೋರ್‌ಜೆ ಎಂಬ ಬೇರೊಂದು ಮುಕ್ತ ತಂತ್ರಾಂಶದ ಭದ್ರತಾ ದೋಷದ ಬಗ್ಗೆ 24 ಗಂಟೆಯೊಳಗೆ ಉತ್ತರಿಸಿ ಎಂದು ಪ್ರಶ್ನೆಪಟ್ಟಿ ಕಳಿಸಿತು. ಅವರ ಕರ್ಲ್‌ಗೂ ಲಾಗ್‌ಫೋರ್‌ಜೆಗೂ ಯಾವ ಸಂಬಂಧವೂ ಇರಲಿಲ್ಲ, ಆ ಕಂಪನಿ ಅವರಿಗೆ ಕಾಸು ಕೊಟ್ಟವರೂ ಆಗಿರಲಿಲ್ಲ. ಬೆಂಬಲದ ಒಪ್ಪಂದ ಮಾಡಿಕೊಂಡರೆ ಸಂತೋಷದಿಂದ ಉತ್ತರಿಸುತ್ತೇನೆ ಎಂದು ಅವರು ಬರೆದರು. ಆ ಉತ್ತರದಲ್ಲಿ ಈ ಇಡೀ ಪತ್ರದ ಬೇಡಿಕೆ ಅಡಗಿದೆ.

ಎಂದರೆ, ಸಿಎಸ್‌ಆರ್ ಸಮಿತಿಯವರೇ, ಈ ವಿಷಯ ನಿಮ್ಮ ಮೇಜಿಗೆ ಬರಬಾರದಿತ್ತು. ಕಂಪನಿ ಕಾಯ್ದೆಯ 135ನೆಯ ಸೆಕ್ಷನ್ನಿನಂತೆ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಖರ್ಚು ಮಾಡಬೇಕಾದವರು ನೀವು. ಆ ಹಣ ಶಾಲೆಗೆ, ಆಸ್ಪತ್ರೆಗೆ, ಕೆರೆಯ ಹೂಳಿಗೆ ಹೋಗಲಿ. ಸಿಎಸ್‌ಆರ್ ನಿಯಮಗಳೂ ನಮ್ಮ ಕೆಲಸಕ್ಕೆ ಹೊಂದುವುದಿಲ್ಲ. ಕಂಪನಿಯ ಸಾಮಾನ್ಯ ವ್ಯವಹಾರದ ಭಾಗವಾದ ಚಟುವಟಿಕೆ ಸಿಎಸ್‌ಆರ್ ಅಲ್ಲ ಎನ್ನುತ್ತವೆ. ನೀವು ದಿನವೂ ಬಳಸುವ ತಂತ್ರಾಂಶದ ದುರಸ್ತಿ ನಿಮ್ಮ ವ್ಯವಹಾರವಲ್ಲದೆ ಇನ್ನೇನು? ಭಾರತದ ಹೊರಗೆ ನಡೆಯುವ ಕೆಲಸವೂ ಸಲ್ಲದು. ಟೆಸೆರಾಕ್ಟ್‌ನ ಮುಖ್ಯ ನಿರ್ವಾಹಕರಾಗಲಿ, ನಿಮ್ಮ ಆಂಡ್ರಾಯ್ಡ್ ಮೊಬೈಲಿನಲ್ಲಿ ಕನ್ನಡದ ಒತ್ತು ತನ್ನ ಜಾಗದಲ್ಲಿ ಕೂರುವಂತೆ ನೋಡಿಕೊಳ್ಳುವ ಹಾರ್ಫ್‌ಬಜ್ ತಂತ್ರಾಂಶದ ಕರ್ತೃವಾಗಲಿ ಇರುವುದು ಹೊರದೇಶದಲ್ಲಿ. ಹಣ ಪಡೆಯುವ ಹೊರಗಿನ ಸಂಸ್ಥೆ ಆದಾಯ ತೆರಿಗೆ ಇಲಾಖೆಯಲ್ಲಿ ದತ್ತಿ ಸಂಸ್ಥೆಯಾಗಿ ನೋಂದಣಿಯಾಗಿದ್ದು, ಮೂರು ವರ್ಷಗಳ ಅನುಭವವನ್ನೂ ತೋರಿಸಬೇಕು. ಒಬ್ಬರೋ ಇಬ್ಬರೋ ರಾತ್ರಿ ಕೂತು ಮಾಡುವ ಯೋಜನೆ ಆ ಬಾಗಿಲಲ್ಲಿ ಎಂದಿಗೂ ತೂರುವುದಿಲ್ಲ.

ಹಾಗಾಗಿ ಇದನ್ನು ಖರೀದಿ ಎಂದು ಲೆಕ್ಕ ಬರೆಯಿರಿ. ವಾರ್ಷಿಕ ನಿರ್ವಹಣಾ ಒಪ್ಪಂದ ಎಂದು ಬರೆಯಿರಿ. ಲಿಫ್ಟಿಗೆ, ಎಸಿಗೆ, ಜನರೇಟರಿಗೆ ನೀವು ಮಾಡಿಕೊಂಡಿರುವಂಥದ್ದೇ. ಇದರಲ್ಲಿ ನಿಮಗೊಂದು ಅನುಕೂಲವೂ ಇದೆ: ಸಿಎಸ್‌ಆರ್ ವೆಚ್ಚವನ್ನು ವ್ಯಾಪಾರದ ಖರ್ಚೆಂದು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಲು 2014ರ ಹಣಕಾಸು ಕಾಯ್ದೆಯ ನಂತರ ಅವಕಾಶವಿಲ್ಲ, ಆದರೆ ವ್ಯಾಪಾರಕ್ಕೆ ಬೇಕಾದ ಸೇವೆಗೆ ಕೊಟ್ಟ ಹಣಕ್ಕೆ ಆ ತಡೆ ಇಲ್ಲ. ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ ನೋಡಿ. ನಮಗೂ ಗೌರವ, ನಿಮಗೂ ಉಳಿತಾಯ. ‘ದಾನಿಗಳು’ ಎಂದು ಕರೆಸಿಕೊಳ್ಳುವ ಸುಖ ಮಾತ್ರ ತಪ್ಪುತ್ತದೆ.

ಹಳೆಯ ಮೈಸೂರು ಸೀಮೆಯ ಕೆರೆಗಳಲ್ಲಿ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು, ಏರಿಯಲ್ಲಿ ಇಲಿಬಿಲ ಕಂಡರೆ ಮುಚ್ಚುವುದು ಅವನ ಕೆಲಸ. ಕೆರೆಯ ನೀರು ಉಂಡ ಪ್ರತಿ ಗದ್ದೆಯವರೂ ಸುಗ್ಗಿಯಲ್ಲಿ ಅವನಿಗೆ ಇಂತಿಷ್ಟು ಕಾಳು ಅಳೆದುಕೊಡುತ್ತಿದ್ದರು. ಹೆಚ್ಚು ಗದ್ದೆಯಿದ್ದವನು ಹೆಚ್ಚು ಕೊಟ್ಟ, ಕಡಿಮೆಯಿದ್ದವನು ಕಡಿಮೆ. ಹೆಚ್ಚು ಕೊಟ್ಟೆನೆಂದು ತೂಬಿನ ಮೇಲೆ ಯಾರೂ ಹೆಸರು ಕೆತ್ತಿಸಲಿಲ್ಲ, ತೂಬನ್ನು ಕಿತ್ತು ಮನೆಗೂ ಒಯ್ಯಲಿಲ್ಲ. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟುಪಾಡು ಇತ್ತು, ಅನ್ಯಾಯವೂ ಇತ್ತು. ಅದನ್ನು ಹೊಗಳಲು ಈ ಮಾತು ತೆಗೆಯಲಿಲ್ಲ. ಬಳಸಿದವರು ಬಳಸಿದಷ್ಟಕ್ಕೆ ಕೊಡುವ ಲೆಕ್ಕವೊಂದು ನಮ್ಮ ನೆಲಕ್ಕೆ ಹೊಸದಲ್ಲ ಎಂದಷ್ಟೇ ಹೇಳಬೇಕಿತ್ತು.

ಯಾರಿಗೆ ಕೊಡಬೇಕೆಂದು ತಿಳಿಯುವುದು ಹೇಗೆ ಎಂದು ಕೇಳುತ್ತೀರಿ. ಪಟ್ಟಿ ಈಗಾಗಲೇ ನಿಮ್ಮ ಬಳಿ ಇದೆ. 2024ರ ಆಗಸ್ಟಿನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಹೊರಡಿಸಿದ ಸೈಬರ್ ಭದ್ರತಾ ಚೌಕಟ್ಟು ತನ್ನ ವ್ಯಾಪ್ತಿಯ ಸಂಸ್ಥೆಗಳಿಗೆ, ಬಳಸುವ ತಂತ್ರಾಂಶದೊಳಗೆ ಏನೇನು ಸೇರಿದೆ ಎಂಬ ಯಾದಿಯನ್ನು ಇಟ್ಟುಕೊಳ್ಳಲು ಹೇಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೂಡ ಇಂಥ ಯಾದಿಗೆ ಮಾರ್ಗಸೂಚಿ ಹೊರತಂದಿತು. ಎಸ್‌ಬಿಒಎಂ ಎಂದು ನೀವು ಕರೆಯುವ ಆ ಯಾದಿಯನ್ನು ತೆರೆಯಿರಿ. ಅದರಲ್ಲಿ ನಿರ್ವಾಹಕರು ಮೂವರಿಗಿಂತ ಕಡಿಮೆ ಇರುವ, ಹಿಂದೆ ಯಾವ ದೊಡ್ಡ ಫೌಂಡೇಶನ್ನೂ ಇಲ್ಲದ ಹೆಸರುಗಳ ಕೆಳಗೆ ಗೆರೆ ಎಳೆಯಿರಿ. ಅವರೇ ನಿಮ್ಮ ನೀರುಗಂಟಿಗಳು.

ಎಷ್ಟು ಕೊಡಬೇಕು? 2024ರಲ್ಲಿ ಆರಂಭವಾದ ಓಪನ್ ಸೋರ್ಸ್ ಪ್ಲೆಡ್ಜ್ ಎಂಬ ಅಭಿಯಾನ, ಕಂಪನಿಯಲ್ಲಿರುವ ತಂತ್ರಾಂಶ ಅಭಿವರ್ಧಕರ ತಲೆಗೆ ವರ್ಷಕ್ಕೆ 2,000 ಡಾಲರ್ ಎಂಬ ಅಳತೆ ಇಟ್ಟಿತು. ಅಮೆರಿಕದ ಸಂಬಳದ ಲೆಕ್ಕ ಅದು. ಇಲ್ಲಿಗೆ ತಗ್ಗಿಸಿಕೊಳ್ಳಿ, ತಕರಾರಿಲ್ಲ. ನಮ್ಮೂರಲ್ಲೇ ಮಾದರಿ ಬೇಕೆಂದರೆ ಜೆರೋಧಾ ಇದೆ. 2024ರ ಅಕ್ಟೋಬರಿನಲ್ಲಿ ಅದು ಘೋಷಿಸಿದ ಫ್ಲಾಸ್ ಫಂಡ್, ಜಗತ್ತಿನ ಯಾವುದೇ ಮೂಲೆಯ ಮುಕ್ತ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಎಂದು ತೆಗೆದಿಟ್ಟಿತು. ಒಂದೊಂದು ಯೋಜನೆಗೆ 10,000ದಿಂದ 1,00,000 ಡಾಲರ್. ಷೇರು ವ್ಯವಹಾರದ ಕಂಪನಿ ಮಾಡಿದ್ದನ್ನು, ಸಾಫ್ಟ್‌ವೇರನ್ನೇ ಮಾರಿ ಬೆಳೆದ ನೀವು ಮಾಡಿಲ್ಲ ಎಂಬುದನ್ನು ಬರೆಯುವಾಗ ನನಗೆ ಸ್ವಲ್ಪ ಮುಜುಗರವೇ ಆಗುತ್ತಿದೆ.

ಒಂದು ಎಚ್ಚರಿಕೆ. ಸಣ್ಣ ಯೋಜನೆಗೆ ಒಮ್ಮೆಲೇ ದೊಡ್ಡ ಮೊತ್ತ ಬಂದರೆ ಅದೂ ಕೇಡು. ಯಾರಿಗೆ ಎಷ್ಟು ಎಂಬ ಮಾತು ಏಳುತ್ತದೆ, ಇದುವರೆಗೆ ಪ್ರೀತಿಗೆ ತಪ್ಪು ತಿದ್ದುತ್ತಿದ್ದವರು ‘ಹಣ ಬಂದವರು ಮಾಡಲಿ’ ಎಂದು ಸರಿಯುತ್ತಾರೆ, ಮೊತ್ತ ಖರ್ಚು ಮಾಡಲೆಂದೇ ಯಾರಿಗೂ ಬೇಡದ ಹೊಸ ಸೌಲಭ್ಯಗಳು ಹುಟ್ಟುತ್ತವೆ. ಒಂದೇ ಸಲ 30 ಲಕ್ಷಕ್ಕಿಂತ ಐದು ವರ್ಷ, ವರ್ಷಕ್ಕೆ 6 ಲಕ್ಷ ನಮಗೆ ಎಷ್ಟೋ ಮೇಲು. ಆ 6 ಲಕ್ಷವೂ ಒಂದೇ ಕಂಪನಿಯಿಂದ ಬೇಡ. ಮೂವರು ಎರಡೆರಡು ಲಕ್ಷ ಕೊಟ್ಟರೆ ಒಬ್ಬರು ಎದ್ದುಹೋದ ವರ್ಷವೂ ದೀಪ ಉರಿಯುತ್ತದೆ. ಅದರಲ್ಲಿ ಏನು ಮಾಡುತ್ತೇವೆಂದರೆ, ಹೊಸದು ಏನೂ ಇಲ್ಲ. ಬಂದ ದೂರುಗಳಿಗೆ ವಾರದೊಳಗೆ ಉತ್ತರಿಸುತ್ತೇವೆ. ಕೋಡಿಗೆ ಬಂದ ತಿದ್ದುಪಡಿಗಳನ್ನು ಇಬ್ಬರು ಓದಿದ ಮೇಲೆಯೇ ಒಳಗೆ ಬಿಡುತ್ತೇವೆ. ಎಕ್ಸ್‌ಜೆಡ್‌ನಲ್ಲಿ ಇಲ್ಲದೆ ಹೋದದ್ದು ಆ ಎರಡನೆಯ ಜೋಡಿ ಕಣ್ಣು. ಮೇಷ್ಟರುಗಳ ಕೆಂಪು ಸುತ್ತುಗಳನ್ನು ಸಾಲುಸಾಲಾಗಿ ಹೊಂದಿಸಿ, ಹಳೆಯ ಮೊಳೆ ಅಚ್ಚಿನ ತರಬೇತಿ ಸಾಮಗ್ರಿಯಾಗಿ ಮುಕ್ತ ಲೈಸೆನ್ಸಿನಡಿ ಇಡುತ್ತೇವೆ. ಹಾಗೆ ಹೊಂದಿಸುವ ಯುವಕ ಯುವತಿಯರಿಗೆ ಗಂಟೆಯ ಲೆಕ್ಕದಲ್ಲಿ ಸಂಭಾವನೆ ಕೊಡುತ್ತೇವೆ. ಫೋಟೊ ತೆಗೆಯಬಹುದಾದ ಫಲಾನುಭವಿಗಳು ಬೇಕೇಬೇಕೆಂದರೆ ಇವರಿದ್ದಾರೆ.

ಹಣ ಕೊಡಲು ಆಗದಿದ್ದರೆ ಮನುಷ್ಯರನ್ನು ಕೊಡಿ. ನಿಮ್ಮ ಎಂಜಿನಿಯರುಗಳು ನಮ್ಮ ತಂತ್ರಾಂಶದಲ್ಲಿ ಕಂಡ ದೋಷವನ್ನು ಕಂಪನಿಯೊಳಗಿನ ಪ್ರತಿಯಲ್ಲಿ ಸದ್ದಿಲ್ಲದೆ ತಿದ್ದಿಕೊಂಡು ಮುಂದೆ ಹೋಗುತ್ತಾರೆ. ಆ ತಿದ್ದುಪಡಿಯನ್ನು ನಮಗೆ ಕಳಿಸಲು ಕಾನೂನು ವಿಭಾಗದ ಅನುಮತಿ ಬೇಕಂತೆ. ಅನುಮತಿ ಬರುವ ಹೊತ್ತಿಗೆ ಆ ಎಂಜಿನಿಯರ್ ಬೇರೆ ಕಂಪನಿ ಸೇರಿರುತ್ತಾರೆ. ಈ ಒಂದು ಅನುಮತಿಯನ್ನು ಶಾಶ್ವತವಾಗಿ ಕೊಟ್ಟುಬಿಡಿ. ನಿಮಗೆ ನಯಾಪೈಸೆ ಖರ್ಚಿಲ್ಲ.

ರಾಜ್ಯ ಸರ್ಕಾರದ ಐಟಿ-ಬಿಟಿ ಇಲಾಖೆಗೂ ಇಲ್ಲೇ ಎರಡು ಮಾತು. ಸರ್ಕಾರಿ ಕೆಲಸದಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಎಂಬ ಕೇಂದ್ರದ ನೀತಿ 2015ರಿಂದಲೇ ಇದೆ. ಜರ್ಮನಿ 2022ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಾರ್ವಜನಿಕರು ನೆಚ್ಚಿಕೊಂಡ ತಂತ್ರಾಂಶಗಳ ದುರಸ್ತಿಗೇ ಸಾರ್ವಜನಿಕ ನಿಧಿ ತೆರೆಯಿತು. ಲಿನಕ್ಸ್ ಕಂಪ್ಯೂಟರುಗಳ ಡೆಸ್ಕ್‌ಟಾಪ್ ಪರದೆಯ ತಂತ್ರಾಂಶ ತಯಾರಿಸುವ ಗ್ನೋಮ್ ಯೋಜನೆಗೆ 2023ರಲ್ಲಿ 10 ಲಕ್ಷ ಯೂರೊ ಸಿಕ್ಕಿದ್ದು ಅದರಿಂದ. ನಿಮ್ಮ ಡಿಜಿಟಲೀಕರಣದ ಟೆಂಡರುಗಳಲ್ಲಿ ಒಂದೇ ಒಂದು ವಾಕ್ಯ ಸೇರಿಸಿದರೆ ಸಾಕು: ಗುತ್ತಿಗೆಯಲ್ಲಿ ಬಳಸಿದ ಮುಕ್ತ ತಂತ್ರಾಂಶಗಳ ಪಟ್ಟಿಯನ್ನೂ, ಅವುಗಳ ನಿರ್ವಹಣೆಗೆ ಗುತ್ತಿಗೆದಾರರು ಕೊಟ್ಟ ಪಾಲನ್ನೂ ಬಿಲ್ಲಿನೊಂದಿಗೆ ಲಗತ್ತಿಸಬೇಕು.

ಮತ್ತೆ ಕಂಪನಿಗಳಿಗೆ. ನಾವು ಸಹಿ ಹಾಕಲು ಸಿದ್ಧರಿರುವ ಕರಾರು ಒಂದೇ ಪುಟದ್ದು. ಹಣ ವರ್ಷದ ಮೊದಲ ತಿಂಗಳಲ್ಲಿ ಬರಬೇಕು. ನಿಲ್ಲಿಸುವುದಾದರೆ ಆರು ತಿಂಗಳು ಮುಂಚೆ ಹೇಳಬೇಕು, ಕಾರಣ ಹೇಳಬೇಕಾಗಿಲ್ಲ. ಹಣದ ಅವಧಿಯಲ್ಲಿ ತಯಾರಾದ ಕೋಡ್, ಪದಪಟ್ಟಿ, ತರಬೇತಿ ಸಾಮಗ್ರಿ ಎಲ್ಲವೂ ಈಗಿರುವ ಲೈಸೆನ್ಸಿನಲ್ಲೇ ಹೊರಗೆ ಬರಬೇಕು. ಹಕ್ಕುಸ್ವಾಮ್ಯ ಬರೆದವರದ್ದು. ಖಾತೆಗಳ ಕೀಲಿ ಕನಿಷ್ಠ ಮೂವರು ನಿರ್ವಾಹಕರ ಬಳಿ. ಅವರಲ್ಲಿ ಒಂದೇ ಕಂಪನಿಯ ಸಂಬಳದವರು ಒಬ್ಬರಿಗಿಂತ ಹೆಚ್ಚಿರಬಾರದು. ಲೆಕ್ಕವನ್ನು ಪೈಸೆ ಬಿಡದೆ ವರ್ಷಕ್ಕೊಮ್ಮೆ ಎಲ್ಲರೆದುರು ಇಡುತ್ತೇವೆ. ಲೋಗೋ ಕಳಿಸಿ, ಕೊಟ್ಟ ಮೊತ್ತ ಎಷ್ಟೇ ಇರಲಿ ಎಲ್ಲರದ್ದೂ ಒಂದೇ ಅಳತೆಯಲ್ಲಿ ಹಾಕುತ್ತೇವೆ.

ನೀವು ಬರುವವರೆಗೆ ನಾವೇನು ಮಾಡುತ್ತೇವೆ ಎಂಬುದನ್ನೂ ತಿಳಿಸಿಬಿಡುತ್ತೇನೆ, ಆಮೇಲೆ ಹೇಳಲಿಲ್ಲ ಎನ್ನಬಾರದು. ಆಸ್ಕಿ ಪರಿವರ್ತಕವನ್ನು ಹೀಗೇ ನಡೆಸಿಕೊಂಡು ಹೋಗುತ್ತೇವೆ. ಅದಕ್ಕೆ ನಮ್ಮ ರಾತ್ರಿಗಳು ಸಾಕು. ಒಸಿಆರ್ ತಿದ್ದುವ ಭಾಗಕ್ಕೆ ಮುಂದಿನ ಏಪ್ರಿಲಿನಿಂದ ಹೊಸ ಆವೃತ್ತಿ ಬರುವುದಿಲ್ಲ, ಭದ್ರತೆಯ ದೋಷಗಳನ್ನು ಮಾತ್ರ ಸರಿಪಡಿಸುತ್ತೇವೆ. ಕಂಪನಿಯ ವಿಳಾಸದಿಂದ ಬರುವ ‘ಅರ್ಜೆಂಟ್’ ಪತ್ರಗಳಿಗೆ, ಆ ಕಂಪನಿಯ ಜೊತೆ ಒಪ್ಪಂದವಿಲ್ಲದಿದ್ದರೆ, ಸರದಿ ಬಂದಾಗ ಉತ್ತರಿಸುತ್ತೇವೆ. ಮೇಷ್ಟರುಗಳ ವಾಟ್ಸ್‌ಆ್ಯಪ್‌ಗೆ ಎಂದಿನಂತೆ ಅದೇ ರಾತ್ರಿ.

ಕರಾರಿನ ಪುಟವನ್ನು ಯೋಜನೆಯ ರಿಪಾಸಿಟರಿಯಲ್ಲೇ ಇಟ್ಟಿದ್ದೇವೆ. ತಿದ್ದುಪಡಿ ಬೇಕಿದ್ದರೆ ಅಲ್ಲೇ ಕಳಿಸಿ, ಇಬ್ಬರು ಓದಿ ತಿಳಿಸುತ್ತೇವೆ.

ಇಂತಿ,
ಕನ್ನಡದ ಒಂದು ಸಣ್ಣ ಮುಕ್ತ ತಂತ್ರಾಂಶದ ನಿರ್ವಾಹಕರ ಪರವಾಗಿ